ಸೌದಿಯಲ್ಲಿ ಹಳೆಯ ಅಮೆರಿಕನ್ ಕಾರು ಕಂಡರೆ ಎಲ್ಲಿಂದ ನೋಡಬೇಕು?

ಚಳಿಗಾಲದ ಶುಕ್ರವಾರ ಸಂಜೆ ಜಿದ್ದಾದ ಕಾರ್ನಿಷ್‌ನಲ್ಲೋ ಖೋಬರ್‌ನ ಸಮುದ್ರದಂಡೆಯಲ್ಲೋ ಹಳೆಯ ಅಮೆರಿಕನ್ ಕಾರೊಂದು ಬಂದು ನಿಂತರೆ ಸಾಕು, ಜನ ಎದುರಿಗೆ ಓಡುತ್ತಾರೆ. ಗ್ರಿಲ್‌ಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆದರೆ ಮುಗಿಯಿತು, ಕಾರು ನೋಡಿದಂತಾಯಿತು. ಆ ಕಾರನ್ನು ನೋಡಲು ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. 1950ರ ದಶಕದ ಅಮೆರಿಕನ್ ಕಾರನ್ನು ರೂಪಿಸಿದವರು ತಮ್ಮ ಜಾಣತನವನ್ನೆಲ್ಲ ಸುರಿದದ್ದು ಅದರ ಪಕ್ಕದ ಮೈಗೆ. ಹಾಗಾಗಿ ರಸ್ತೆ ದಾಟಿ ಆಚೆ ಹೋಗಿ. ಕಾರು ಪೂರ್ತಿಯಾಗಿ ಕಣ್ಣಿಗೆ ಸಿಗುವಷ್ಟು ದೂರದಲ್ಲಿ ನಿಂತು, ಕಣ್ಣು ಬಾಗಿಲ ಹಿಡಿಕೆಯ ಮಟ್ಟಕ್ಕೆ ಬರುವಷ್ಟು ಬಾಗಿ. ಈಗ ಹೆಡ್‌ಲೈಟಿನಿಂದ ಹೊರಟು ಹಿಂದಿನ ಕೆಂಪು ದೀಪದವರೆಗೆ ನಿಧಾನವಾಗಿ ಕಣ್ಣು ಹಾಯಿಸಿ. ಒಂದು ಗೆರೆ ಕಾಣುತ್ತದೆ. ಅದು ಎಲ್ಲಿ ಏರುತ್ತದೆ, ಎಲ್ಲಿ ಬಳುಕುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಗಮನಿಸಿದರೆ ಅರ್ಧ ಕಾರು ಅರ್ಥವಾದಂತೆ.

ಈ ಗೆರೆ ನೋಡಲು ಸೌದಿಯಷ್ಟು ಒಳ್ಳೆಯ ಜಾಗ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಕಾರಣ ಸರಳ. ಹೊಳೆಯುವ ಲೋಹದ ಮೈಯಲ್ಲಿ ನಮಗೆ ಕಾಣುವುದು ಬಣ್ಣಕ್ಕಿಂತ ಹೆಚ್ಚಾಗಿ ಸುತ್ತಲಿನ ಪ್ರತಿಬಿಂಬ. ಮಂಗಳೂರಿನ ಬೀದಿಯಲ್ಲಿ ನಿಲ್ಲಿಸಿದ ಕಾರಿನ ಮೈಮೇಲೆ ತೆಂಗಿನಮರ, ವಿದ್ಯುತ್ ತಂತಿ, ಅಂಗಡಿ ಬೋರ್ಡು ಎಲ್ಲವೂ ಮೂಡಿ ಆಕಾರ ಕದಡಿಹೋಗುತ್ತದೆ. ರಿಯಾದ್‌ನ ಹೊರವಲಯದ ಬಯಲಿನಲ್ಲಿ ಹಾಗಲ್ಲ. ಕೆಳಗೆ ಮರಳು, ಮೇಲೆ ಆಕಾಶ, ನಡುವೆ ನೇರವಾದ ದಿಗಂತ. ಆ ದಿಗಂತವೇ ಕಾರಿನ ಮೈಮೇಲೆ ಒಂದು ಗೆರೆಯಾಗಿ ಓಡುತ್ತದೆ. ಅಸರ್ ನಮಾಜಿನ ನಂತರ ಸೂರ್ಯ ಇಳಿಯುವ ಒಂದು ಗಂಟೆಯಲ್ಲಿ ತಗಡಿನ ಪ್ರತಿಯೊಂದು ಮಡಿಕೆಯೂ ಇಸ್ತ್ರಿ ಹಾಕಿದ ಪಂಚೆಯ ಗೆರೆಯಂತೆ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಮಾತ್ರ ಹೋಗಬೇಡಿ. ನೆತ್ತಿಯ ಬಿಸಿಲಿಗೆ ಕ್ರೋಮ್ ಕಣ್ಣು ಕುಕ್ಕುತ್ತದೆಯೇ ಹೊರತು ಏನನ್ನೂ ತೋರಿಸುವುದಿಲ್ಲ.

ಇಲ್ಲಿಗೂ ಅಮೆರಿಕನ್ ಕಾರಿಗೂ ನಂಟು ಬೆಳೆದದ್ದು ಎಣ್ಣೆಯಿಂದ. ಎಣ್ಣೆ ಸಿಗುವ ಮೊದಲೇ ಜಿದ್ದಾದಲ್ಲಿ ಫೋರ್ಡ್ ಕಾರಿನ ಏಜೆನ್ಸಿ ನಡೆಸುತ್ತಿದ್ದವನು ಸೇಂಟ್ ಜಾನ್ ಫಿಲ್ಬಿ ಎಂಬ ಇಂಗ್ಲಿಷಿನವನು, ಅರಸ ಅಬ್ದುಲ್ ಅಜೀಜರ ಆಪ್ತ. 1933ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾಗೆ ಎಣ್ಣೆ ಹುಡುಕುವ ಹಕ್ಕು ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿಯ ಭೂವಿಜ್ಞಾನಿಗಳು ಬಂದಿಳಿದದ್ದು ಇಂದು ನಮ್ಮ ಕರಾವಳಿಯ ಎಷ್ಟೋ ಮಂದಿ ದುಡಿಯುತ್ತಿರುವ ಜುಬೈಲ್‌ನಲ್ಲಿ. 1938ರಲ್ಲಿ ದಮ್ಮಾಮ್ ಏಳನೇ ಬಾವಿಯಲ್ಲಿ ಎಣ್ಣೆ ಉಕ್ಕಿತು. 1944ರಲ್ಲಿ ಕಂಪನಿಗೆ ಅರಾಮ್ಕೊ ಎಂಬ ಹೆಸರು ಬಂತು. ಧಹ್ರಾನ್‌ನಲ್ಲಿ ಅಮೆರಿಕದ ಊರನ್ನೇ ಎತ್ತಿ ತಂದಿಟ್ಟ ಹಾಗೆ ಕಂಪನಿಯ ಕಾಲೊನಿ ಎದ್ದಿತು. ಇಲ್ಲಿ ರಸ್ತೆಯ ಬಲಗಡೆ ಓಡಿಸುವುದು, ಸ್ಟೀರಿಂಗ್ ಎಡಕ್ಕೆ. ಅಮೆರಿಕದ ಕಾರು ಹಡಗಿನಿಂದ ಇಳಿದ ಹಾಗೆಯೇ ಓಡಬಹುದಿತ್ತು. ಇಂಗ್ಲೆಂಡಿನ ಕಾರಿಗೆ ಆ ಭಾಗ್ಯವಿರಲಿಲ್ಲ. ಚರ್ಚಿಲ್ 1945ರ ಫೆಬ್ರುವರಿಯಲ್ಲಿ ಈಜಿಪ್ಟಿನಲ್ಲಿ ಅರಸರನ್ನು ಭೇಟಿಯಾಗಿ, ಮುಂದೆ ಕಳಿಸಿಕೊಟ್ಟ ರೋಲ್ಸ್‌ರಾಯ್ಸ್ ಫ್ಯಾಂಟಮ್‌ಗೆ ಸ್ಟೀರಿಂಗ್ ಬಲಕ್ಕಿತ್ತು. ಮುಂದೆ ಕೂತರೆ ಅರಸರು ಚಾಲಕನ ಎಡಕ್ಕೆ ಕೂರಬೇಕು, ಅದು ಮರ್ಯಾದೆಯ ಜಾಗವಲ್ಲವೆಂದು ಅದನ್ನು ತಮ್ಮನಿಗೆ ಕೊಟ್ಟುಬಿಟ್ಟರು ಎಂಬ ಕಥೆ ಪ್ರಸಿದ್ಧ. ರಿಯಾದ್‌ನ ಕಿಂಗ್ ಅಬ್ದುಲ್ ಅಜೀಜ್ ಐತಿಹಾಸಿಕ ಕೇಂದ್ರಕ್ಕೆ ಹೋದರೆ ಮುರಬ್ಬ ಅರಮನೆ, ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಜೊತೆಗೆ ಅರಸರ ಕಾಲದ ಕಾರುಗಳಿಗೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ.

ಈಗ ಆ ಗೆರೆಯ ಹಿಂದಿರುವ ಮನುಷ್ಯನ ಕಡೆ ಬರೋಣ. ಹಾರ್ಲಿ ಅರ್ಲ್ ಹುಟ್ಟಿದ್ದು 1893ರಲ್ಲಿ, ಹಾಲಿವುಡ್‌ನಲ್ಲಿ. ಅಪ್ಪನದು ಗಾಡಿ ಕಟ್ಟುವ ಕಸುಬು. ಮಗ ಸಿನಿಮಾ ತಾರೆಯರಿಗೆ ಕಾರಿನ ಬಾಡಿ ಕಟ್ಟಿಕೊಡುತ್ತಿದ್ದ. 1927ರಲ್ಲಿ ಜನರಲ್ ಮೋಟಾರ್ಸ್ ಅವನನ್ನು ಡೆಟ್ರಾಯಿಟ್‌ಗೆ ಕರೆಸಿಕೊಂಡು ಕಾರಿನ ಅಂದಚೆಂದಕ್ಕೆಂದೇ ಒಂದು ವಿಭಾಗ ತೆರೆಯಿತು. ಅಲ್ಲಿಯವರೆಗೆ ಕಾರಿನ ರೂಪ ಎಂಜಿನಿಯರುಗಳ ಕೈಯಲ್ಲಿತ್ತು, ಡಬ್ಬಿಗೆ ಚಕ್ರ ಕಟ್ಟಿದರೆ ಆಯಿತು ಎಂಬ ಲೆಕ್ಕ. ಅರ್ಲ್ ಕಾರನ್ನು ಮೊದಲು ಜೇಡಿಮಣ್ಣಿನಲ್ಲಿ ಪೂರ್ಣಗಾತ್ರಕ್ಕೆ ತಿದ್ದಿಸಿದ. ಮಣ್ಣಿನಲ್ಲಿ ಕೈಯಾಡಿಸಿದರೆ ಬರುವ ಉಬ್ಬು, ತಗ್ಗು, ಹರಿವು ಕಾಗದದ ನಕ್ಷೆಯಲ್ಲಿ ಬರುವುದಿಲ್ಲ. ಮುಂದಿನ ಮೂರು ದಶಕ ಅವನ ಹಟ ಒಂದೇ: ಕಾರು ಉದ್ದವಾಗಬೇಕು, ತಗ್ಗಾಗಬೇಕು, ಆಗದಿದ್ದರೆ ಹಾಗೆ ಕಾಣಲಾದರೂ ಬೇಕು. ಪಕ್ಕದ ಕ್ರೋಮ್ ಪಟ್ಟಿ, ಎರಡು ಬಣ್ಣದ ಪೇಂಟು, ಬಳುಕುವ ಗೆರೆ ಎಲ್ಲವೂ ಈ ಕಣ್ಕಟ್ಟಿನ ಸಾಮಾನುಗಳು. ಎರಡು ಬಣ್ಣದ ಕಾರನ್ನು ನೋಡುವಾಗ ಒಂದು ಬಣ್ಣ ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ನೋಡಿ. ಸಾಮಾನ್ಯವಾಗಿ ಅಲ್ಲಿ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಬಣ್ಣದ ಅಂಚನ್ನು ಮುಚ್ಚುತ್ತದೆ, ಜೊತೆಗೆ ಎತ್ತರದ ಮೈಯನ್ನು ಎರಡಾಗಿ ಸೀಳಿ ಕಾರನ್ನು ನೆಲಕ್ಕೆ ಹತ್ತಿರವಾಗಿಸುತ್ತದೆ. 1949ರ ಬ್ಯುಯಿಕ್ ರೋಡ್‌ಮಾಸ್ಟರ್ ರಿವಿಯೆರಾದಲ್ಲಿ ಬಂದ, ಮುಂದಿನಿಂದ ಇಳಿದು ಹಿಂದಿನ ಚಕ್ರದ ಬಳಿ ಮತ್ತೆ ಮೇಲೇಳುವ ಪಟ್ಟಿ ಈ ವಿದ್ಯೆಯ ಅತ್ಯುತ್ತಮ ಮಾದರಿ.

ರೆಕ್ಕೆಯ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. 1941ರಲ್ಲಿ ಅರ್ಲ್ ತನ್ನ ಕೆಲವು ಶಿಷ್ಯರನ್ನು ಮಿಷಿಗನ್‌ನ ಸೆಲ್ಫ್ರಿಡ್ಜ್ ವಿಮಾನನೆಲೆಗೆ ಕರೆದುಕೊಂಡು ಹೋಗಿ, ಲಾಕ್‌ಹೀಡ್ ಪಿ-38 ಯುದ್ಧವಿಮಾನವನ್ನು ದೂರದಿಂದ ತೋರಿಸಿದ. ಅದಕ್ಕೆ ಎರಡು ಬಾಲ, ಎರಡರ ತುದಿಯಲ್ಲೂ ರೆಕ್ಕೆ. ಯುದ್ಧ ಮುಗಿದ ಮೇಲೆ ಜನರಲ್ ಮೋಟಾರ್ಸ್‌ನ 1948ರ ಕ್ಯಾಡಿಲಾಕ್‌ನ ಹಿಂಬದಿಯಲ್ಲಿ ಆ ರೆಕ್ಕೆ ಮೊಳೆಯಿತು. ಗಾತ್ರ ಅಂಗೈಯಷ್ಟು, ದೀಪ ಕೂರಿಸಲು ಒಂದು ನೆಪ ಅಷ್ಟೇ. ಆಮೇಲೆ ಅದು ಬೆಳೆಯುತ್ತ ಹೋಯಿತು. ಅದಕ್ಕೆ ನಿಜವಾದ ನಾಟಕೀಯತೆ ತಂದವನು ಎದುರಾಳಿ ಕಂಪನಿ ಕ್ರೈಸ್ಲರ್‌ನ ವರ್ಜಿಲ್ ಎಕ್ಸ್‌ನರ್. ಅವನ 1957ರ ಕಾರುಗಳಲ್ಲಿ ರೆಕ್ಕೆ ಬಾಲಕ್ಕೆ ಅಂಟಿಸಿದ ಅಲಂಕಾರವಾಗಿರಲಿಲ್ಲ. ಬಾಗಿಲಿನಿಂದಲೇ ಹೊರಟು ಒಂದೇ ಉಸಿರಿನಲ್ಲಿ ಹಿಂದಕ್ಕೆ ಏರುತ್ತಿತ್ತು. 1956ರಲ್ಲಿ ಜನರಲ್ ಮೋಟಾರ್ಸ್‌ನ ಯುವ ವಿನ್ಯಾಸಕ ಚಕ್ ಜೋರ್ಡನ್ ಕ್ರೈಸ್ಲರ್ ಕಾರ್ಖಾನೆಯ ಬೇಲಿಯಾಚೆ ಸಾಲಾಗಿ ನಿಂತಿದ್ದ ಆ ಕಾರುಗಳನ್ನು ಕಂಡು ಹೌಹಾರಿ ಓಡಿಬಂದು ಸುದ್ದಿ ಮುಟ್ಟಿಸಿದ. ತಮ್ಮ ಮುಂದಿನ ಮಾದರಿಗಳನ್ನೆಲ್ಲ ಕಿತ್ತುಹಾಕಿ ಅವರು ಹೊಸದಾಗಿ ಶುರುಮಾಡಿದರು. ಆ ಗಾಬರಿಯ ಕೂಸು 1959ರ ಕ್ಯಾಡಿಲಾಕ್. ಅದರಷ್ಟು ಎತ್ತರದ ರೆಕ್ಕೆ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ನಡುವೆ ಗುಂಡಿನಾಕಾರದ ಎರಡೆರಡು ಕೆಂಪು ದೀಪ. ಉದ್ದ ಸುಮಾರು 5.7 ಮೀಟರ್, ಎಂದರೆ ನಮ್ಮ ಅಂಬಾಸಿಡರ್‌ಗಿಂತ ಒಂದೂ ಕಾಲು ಮೀಟರಿಗೂ ಹೆಚ್ಚು.

ಎಲ್ಲರೂ ಹೊಗಳುವುದು ಈ 1959ರದ್ದನ್ನೇ. ನನಗೆ ಮಾತ್ರ 1957ರ ಎಕ್ಸ್‌ನರ್ ಕಾರು ಹೆಚ್ಚು ಇಷ್ಟ. ಕ್ಯಾಡಿಲಾಕ್‌ನ ರೆಕ್ಕೆಯನ್ನು ಕೈಯಿಂದ ಮುಚ್ಚಿ ನೋಡಿದರೆ ಉಳಿದ ಕಾರು ಹಾಗೇ ನಿಲ್ಲುತ್ತದೆ. ಎಕ್ಸ್‌ನರ್ ರೂಪಿಸಿದ 1957ರ ಪ್ಲಿಮತ್‌ನ ರೆಕ್ಕೆ ಮುಚ್ಚಿದರೆ ಇಡೀ ಗೆರೆ ಕುಸಿಯುತ್ತದೆ. ಯಾವ ಅಲಂಕಾರವನ್ನಾದರೂ ಹೀಗೆ ಮುಚ್ಚಿ ಪರೀಕ್ಷಿಸಿ. ರೆಕ್ಕೆ ಓಟಕ್ಕೆ ಸ್ಥಿರತೆ ಕೊಡುತ್ತದೆಂದು ಎಕ್ಸ್‌ನರ್ ವಾದಿಸುತ್ತಿದ್ದ. ಊರೊಳಗಿನ ವೇಗದಲ್ಲಿ ಅದು ಶೋಕಿಯೇ, ಅನುಮಾನ ಬೇಡ. ಆದರೆ ಆ ಶೋಕಿ ಎಷ್ಟು ದೂರ ಹಬ್ಬಿತೆಂದರೆ, ಇಟಲಿಯ ಫಿಯೆಟ್ 1100ರ ಹಿಂಬದಿಗೂ ಪುಟ್ಟದೊಂದು ರೆಕ್ಕೆ ಮೂಡಿತು. ನಾವು ಪದ್ಮಿನಿ ಎಂದು ಕರೆದು ವರ್ಷಾನುಗಟ್ಟಲೆ ಕುಟುಂಬ ಸಮೇತ ಓಡಾಡಿದ ಕಾರು ಅದೇ.

ಕಾರು ಯಾವ ವರ್ಷದ್ದೆಂದು ಮಾಲೀಕರನ್ನು ಕೇಳುವ ಮೊದಲು ನೀವೇ ಊಹಿಸಿ ನೋಡಿ, ಇದರಲ್ಲೊಂದು ಮಜಾ ಇದೆ. ಒಂದೊಂದು ಕಡೆ ಒಂದೇ ಹೆಡ್‌ಲೈಟ್ ಇದ್ದರೆ ಸಾಮಾನ್ಯವಾಗಿ 1957 ಅಥವಾ ಅದಕ್ಕಿಂತ ಹಿಂದಿನದು, ಎರಡೆರಡು ಇದ್ದರೆ ಹೆಚ್ಚಾಗಿ 1958ರ ನಂತರದ್ದು. ಮುಂದಿನ ಗಾಜು ಪಕ್ಕಕ್ಕೂ ಸುತ್ತಿಕೊಂಡು, ಅದರ ಕಂಬ ಹಿಂದಕ್ಕೆ ಬಾಗಿ ಬಾಗಿಲೊಳಗೆ ಮೊಣಕೈಯಂತೆ ಚಾಚಿಕೊಂಡಿದ್ದರೆ ಅದು ಐವತ್ತರ ದಶಕದ ನಡುಭಾಗದಿಂದ 1960ರ ಆಸುಪಾಸಿನ ಕಾರು. ನೋಡಲು ಚೆಂದ, ಹತ್ತುವಾಗ ಮಂಡಿಗೆ ಹೊಡೆತ ಗ್ಯಾರಂಟಿ. 1953ರ ಕ್ಯಾಡಿಲಾಕ್ ಎಲ್ಡೊರಾಡೊದಲ್ಲಿ ಈ ಗಾಜು ಬಂದಾಗ ಅಂಥ ಕಾರು ತಯಾರಾದದ್ದೇ 532. ಎರಡು ವರ್ಷದಲ್ಲಿ ಅದು ಸಾಮಾನ್ಯರ ಷೆವರ್ಲೆಗೂ ಇಳಿದುಬಂತು. ಬ್ಯುಯಿಕ್‌ನ ಮುಂದಿನ ಮಡ್‌ಗಾರ್ಡ್ ಮೇಲೆ ದುಂಡನೆಯ ಕಿಂಡಿಗಳಿರುತ್ತವೆ, 1949ರಿಂದ ಬಂದ ಗುರುತು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಕಡೆ ನಾಲ್ಕಿದ್ದರೆ ದುಬಾರಿ ರೋಡ್‌ಮಾಸ್ಟರ್, ಮೂರಿದ್ದರೆ ಅದರ ತಮ್ಮಂದಿರು. ಟೈರಿನ ಬಿಳಿ ಪಟ್ಟಿ ಅಗಲವಾಗಿದ್ದರೆ 1961ರೊಳಗಿನದು, ತೆಳುವಾಗಿದ್ದರೆ ಆಮೇಲಿನದು. 1965ರ ಕಾರಿಗೆ ಅಗಲ ಬಿಳಿ ಟೈರು ಹಾಕಿ ಮೆರೆಸುವವರು ಇಲ್ಲೂ ಇದ್ದಾರೆ. ಸುಮ್ಮನೆ ನಕ್ಕು ಮುಂದೆ ಹೋಗಿ.

ಎಲ್ಲ ಕಿಟಕಿ ಇಳಿಸಲು ಹೇಳಿದರೆ ಇನ್ನೊಂದು ಗುಟ್ಟು ತಿಳಿಯುತ್ತದೆ. ಮುಂದಿನ ಮತ್ತು ಹಿಂದಿನ ಕಿಟಕಿಯ ನಡುವೆ ಕಂಬವಿಲ್ಲದೆ ಬಾಯಿ ಬಿಟ್ಟಂತೆ ಕಂಡರೆ ಅದು ಹಾರ್ಡ್‌ಟಾಪ್. ಅದೇ ಮಾದರಿಯ ಕಂಬವಿರುವ ಸೆಡಾನ್‌ಗಿಂತ ಇದಕ್ಕೆ ಬೆಲೆಯೂ ಹೆಚ್ಚು, ಅಂದವೂ ಹೆಚ್ಚು.

ಸೌದಿಯಂಥ ನಾಡಿನಲ್ಲಿ ನಾನು ತಪ್ಪದೆ ಹುಡುಕುವ ಒಂದು ವಿವರ ಎ.ಸಿ. 1953ರಿಂದ ಕ್ಯಾಡಿಲಾಕ್, ಬ್ಯುಯಿಕ್, ಓಲ್ಡ್ಸ್‌ಮೊಬೈಲ್‌ಗಳಿಗೆ ಎ.ಸಿ. ಹಾಕಿಸಿಕೊಳ್ಳಬಹುದಿತ್ತು, ಕ್ರೈಸ್ಲರ್‌ಗೂ ಅದೇ ಹೊತ್ತಿಗೆ ಬಂತು. ತಂಪು ಮಾಡುವ ಪೆಟ್ಟಿಗೆ ಆಗ ಇದ್ದದ್ದು ಡಿಕ್ಕಿಯಲ್ಲಿ. ಜನರಲ್ ಮೋಟಾರ್ಸ್ ಕಾರುಗಳಲ್ಲಿ ತಂಪು ಗಾಳಿ ಹಿಂದಿನ ಸೀಟಿನ ಹಿಂದಿನಿಂದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳಲ್ಲಿ ಏರಿ ಮಾಡಿನ ಕಡೆಯಿಂದ ಬೀಸುತ್ತಿತ್ತು. ಹೊರಗಿನ ಗಾಳಿ ಎಳೆದುಕೊಳ್ಳಲು ಹಿಂಬದಿಯ ಗಾಜಿನ ಪಕ್ಕದಲ್ಲಿ ಚಿಕ್ಕ ಕಿವಿಗಳು. 1953ರಿಂದ 1956ರೊಳಗಿನ ಕಾರಿನಲ್ಲಿ ಆ ಕಿವಿ, ಆ ಕೊಳವೆ ಎರಡೂ ಉಳಿದುಕೊಂಡಿದ್ದರೆ ಅಪರೂಪದ ಕಾರಿನ ಮುಂದೆ ನಿಂತಿದ್ದೀರಿ ಎಂದು ತಿಳಿಯಿರಿ. ದುರಸ್ತಿಯ ಹೆಸರಿನಲ್ಲಿ ಅವನ್ನು ಕಿತ್ತೆಸೆದು ಡ್ಯಾಶ್‌ಬೋರ್ಡಿನ ಕೆಳಗೆ ಹೊಸ ಎ.ಸಿ. ತೂಗಿಹಾಕಿರುವುದೂ ಉಂಟು. ಜುಲೈ ತಿಂಗಳ ರಿಯಾದ್ ನೆನೆದರೆ ಬೈಯಲು ಮನಸ್ಸು ಬರುವುದಿಲ್ಲ.

ಹೊಳಪು ಕಂಡು ಮರುಳಾಗಬೇಡಿ. ಐವತ್ತರ ದಶಕದಲ್ಲಿ ಜನರಲ್ ಮೋಟಾರ್ಸ್ ಬಳಸುತ್ತಿದ್ದದ್ದು ಲ್ಯಾಕರ್ ಬಣ್ಣ, ಫೋರ್ಡ್ ಮತ್ತು ಕ್ರೈಸ್ಲರ್‌ನವರದು ಎನಾಮೆಲ್. ಎರಡಕ್ಕೂ ಒಂದು ಮೆತ್ತನೆಯ ಹೊಳಪಿತ್ತು. ಈಗಿನ ಪೇಂಟ್ ಬೂತಿನಲ್ಲಿ ಮೇಲೆ ಪಾರದರ್ಶಕ ಪದರ ಹೊಡೆದ ಕಾರು ನೀರು ಸುರಿದಂತೆ ಹೊಳೆಯುತ್ತದೆ. ಆ ಕಾಲದ ಯಾವ ಕಾರೂ ಕಾರ್ಖಾನೆಯಿಂದ ಹಾಗೆ ಹೊರಬಂದಿರಲಿಲ್ಲ. ಸನಾಯದ (ಕೈಗಾರಿಕಾ ಪ್ರದೇಶದ) ಗ್ಯಾರೇಜುಗಳಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡಿದ ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರು ಕಾರಿನ ತುದಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ಪ್ರತಿಬಿಂಬದ ಗೆರೆ ನೋಡುತ್ತಾರೆ. ದಿಗಂತದ ಗೆರೆ ಬಾಗಿಲ ಮೇಲೆ ನೇರವಾಗಿ ಓಡಿ, ಮಡ್‌ಗಾರ್ಡ್ ಹತ್ತಿರ ಅಲೆಯಂತೆ ನಡುಗಿದರೆ ಅಲ್ಲಿ ಪುಟ್ಟಿ ತುಂಬಿದೆ. ಸೊಗಸು ತೋರಿಸುವ ಬೆಳಕೇ ಮಾಡಿದ ರಿಪೇರಿಯನ್ನೂ ಹೇಳಿಬಿಡುತ್ತದೆ.

ಫಳಫಳ ಹೊಳೆಯುವುದೆಲ್ಲ ಕ್ರೋಮ್ ಅಲ್ಲ. ಬಂಪರು ಕ್ರೋಮ್ ಲೇಪಿಸಿದ ಉಕ್ಕು, ಪಕ್ಕದ ಪಟ್ಟಿಗಳು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲು. ಬಾಗಿಲ ಹಿಡಿಕೆ, ಬಾನೆಟ್ ಮೇಲಿನ ಗೊಂಬೆ, ದೀಪದ ಬಳೆ ಮುಂತಾದವು ಸತುವಿನ ಎರಕ. ಮೊದಲು ಕೆಡುವುದು ಈ ಎರಕ, ಸಿಡುಬಿನ ಕಲೆಯಂತೆ ಗುಳಿ ಬೀಳುತ್ತದೆ. ಖಸೀಮ್, ರಿಯಾದ್ ಕಡೆಯ ಒಣಹವೆಯಲ್ಲಿ ಬಾಳಿದ ಕಾರಿನ ತಗಡು ಗಟ್ಟಿಯಾಗಿರುತ್ತದೆ, ಆದರೆ ರಬ್ಬರು, ಸೀಟು, ಡ್ಯಾಶ್‌ಬೋರ್ಡು ಬಿಸಿಲಿಗೆ ಬಿರಿದಿರುತ್ತವೆ. ಜಿದ್ದಾ, ಜುಬೈಲ್‌ನ ಉಪ್ಪುಗಾಳಿಯಲ್ಲಿ ಬಾಳಿದ್ದರೆ ಲೆಕ್ಕ ತಿರುವುಮುರುವು, ಬಾಗಿಲಿನ ಕೆಳ ಅಂಚು ಮುಟ್ಟಿ ನೋಡಿದರೆ ಉಡುಪಿಯವರಿಗೆ ತಮ್ಮ ಮನೆಯ ಗೇಟು ನೆನಪಾದೀತು.

ಕ್ರೋಮ್ ವಿಷಯದಲ್ಲಿ ಅಮೆರಿಕನ್ನರಿಗೆ ಒಂದು ಹಂತದಲ್ಲಿ ಹದ ತಪ್ಪಿತು. 1958ರ ಬ್ಯುಯಿಕ್‌ನ ಗ್ರಿಲ್ ನೋಡಿ, ಬಿಡಿಬಿಡಿಯಾದ 160 ಕ್ರೋಮ್ ಚೌಕಗಳು. ಮದುವೆಮನೆಯಲ್ಲಿ ಇದ್ದಬದ್ದ ಒಡವೆಯನ್ನೆಲ್ಲ ಹೇರಿಕೊಂಡವರ ಹತ್ತಿರ ನಿಂತ ಅನುಭವ. ಇದಕ್ಕೆ ಮದ್ದೆಂಬಂತೆ 1961ರಲ್ಲಿ ಎಲ್ವುಡ್ ಎಂಗೆಲ್ ರೂಪಿಸಿದ ಲಿಂಕನ್ ಕಾಂಟಿನೆಂಟಲ್ ಬಂತು. ರೆಕ್ಕೆ ಇಲ್ಲ, ಬಳುಕು ಇಲ್ಲ. ಭುಜದ ಮೇಲೆ ಉದ್ದಕ್ಕೂ ಓಡುವ ಒಂದೇ ಹೊಳೆವ ಅಂಚು, ಹಿಂದಿನ ಬಾಗಿಲು ಹಿಂದಕ್ಕೆ ತೆರೆದುಕೊಳ್ಳುತ್ತದೆ. ಹಿಂದಿನ ವರ್ಷದ ಲಿಂಕನ್‌ಗಿಂತ ಉದ್ದದಲ್ಲಿ ಒಂದು ಅಡಿಗೂ ಹೆಚ್ಚು ಗಿಡ್ಡ. ಬ್ಯುಯಿಕ್ ನೋಡಿದ ಮೇಲೆ ಇದನ್ನು ನೋಡಿ, ಮೂರೇ ವರ್ಷದಲ್ಲಿ ರುಚಿ ಹೇಗೆ ಬದಲಾಯಿತೆಂದು ತಿಳಿಯುತ್ತದೆ.

ಒಂದೇ ಕಾರಿನಲ್ಲಿ ಎಲ್ಲ ಪಾಠ ಕಲಿಯಬೇಕೆಂದರೆ 1957ರ ಷೆವರ್ಲೆ ಬೆಲ್ ಏರ್ ಹುಡುಕಿ. ಐದು ಮೀಟರ್ ಉದ್ದ, ಹದವಾದ ರೆಕ್ಕೆ, ಅದರ ಕೆಳಗೆ ಗೆರೆಗೆರೆಯಾದ ಅಲ್ಯುಮಿನಿಯಮ್ ಹಲಗೆ, ಮುಂದಿನ ಮಡ್‌ಗಾರ್ಡ್ ಮೇಲೆ ಬಂಗಾರ ಬಣ್ಣದ ಮೂರು ಗುರುತು. ಪೆಟ್ರೋಲ್ ಮುಚ್ಚಳ ಎಲ್ಲಿದೆ ಎಂದು ಸ್ನೇಹಿತರನ್ನು ಕೇಳಿ, ಯಾರಿಗೂ ಸಿಗುವುದಿಲ್ಲ. ಎಡಗಡೆಯ ರೆಕ್ಕೆಯ ಹಿಂದಿನ ಕ್ರೋಮ್ ಪಟ್ಟಿಯೇ ತೆರೆದುಕೊಳ್ಳುತ್ತದೆ. ಇದೇ ಬಾಡಿಯ ಅಗ್ಗದ ಮಾದರಿಗೆ ಬೆಲ್ ಏರ್ ಅಲಂಕಾರ ಕೂರಿಸಿ ಮಾರುವುದು ಹಳೆಯ ಚಾಳಿ. ಕೊಳ್ಳುವ ಯೋಚನೆ ಇದ್ದವರು ಬಾಗಿಲ ಕಂಬದ ಮೇಲಿನ ಸೀರಿಯಲ್ ನಂಬರ್ ಓದಲಿ. ವಿ8 ಎಂಜಿನ್ನಿನ ಅಸಲಿ ಬೆಲ್ ಏರ್ ಆದರೆ ಅದು ‘ವಿಸಿ57’ ಎಂದು ಶುರುವಾಗುತ್ತದೆ, ‘ವಿಬಿ57’ ಎಂದಿದ್ದರೆ ಅದು 210 ಎಂಬ ಕೆಳಗಿನ ಮಾದರಿ.

ಎಲ್ಲಿ ನೋಡಬಹುದು? ಖಸೀಮ್ ಪ್ರಾಂತ್ಯದ ಬುರೈದಾದಲ್ಲಿ ಹಳೆಯ ಕಾರುಗಳ ಪ್ರದರ್ಶನಗಳು ನಡೆಯುತ್ತವೆ, ಚಳಿಗಾಲದಲ್ಲಿ ಅತ್ತ ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ. 2019ರ ನವೆಂಬರಿನಲ್ಲಿ ನಡೆದ ರಿಯಾದ್ ಕಾರ್ ಶೋದಲ್ಲಿ ಅಮೆರಿಕದ ವರ್ಲ್ಡ್‌ವೈಡ್ ಆಕ್ಷನಿಯರ್ಸ್ ಹಳೆಯ ಕಾರುಗಳ ಹರಾಜನ್ನೇ ನಡೆಸಿತು. ಅಲ್ಲಿಂದೀಚೆಗೆ ಈ ಹವ್ಯಾಸ ಮನೆಯ ಅಂಗಳ, ಇಸ್ತಿರಾಹ ಎಂಬ ವಿರಾಮಗೃಹಗಳಿಂದ ಬೀದಿಗೆ ಬಂದಿದೆ. ಸೆಪ್ಟೆಂಬರ್ 23ರ ರಾಷ್ಟ್ರೀಯ ದಿನ, ಫೆಬ್ರುವರಿ 22ರ ಸಂಸ್ಥಾಪನಾ ದಿನಗಳ ರಜೆಯಲ್ಲಿ ಕಣ್ಣು ತೆರೆದಿಟ್ಟುಕೊಳ್ಳಿ. ಆದರೆ ಇಂಥ ಕಡೆ ಬರುವ ಅಮೆರಿಕನ್ ಕಾರೆಲ್ಲ ಐವತ್ತರ ದಶಕದ್ದಲ್ಲ. ಸೌದಿಗಳ ಮನಸ್ಸಿಗೆ ಹತ್ತಿರವಾದ ಷೆವರ್ಲೆ ಕ್ಯಾಪ್ರಿಸ್, ಜಿಎಂಸಿ ಸಬರ್ಬನ್‌ಗಳೂ ಸಾಲಾಗಿ ನಿಂತಿರುತ್ತವೆ. ಅವರ ಅಪ್ಪ ಓಡಿಸಿದ ಕಾರು ಅದು. ಅದನ್ನು ಕಡೆಗಣಿಸಿ ಸೀದಾ ರೆಕ್ಕೆಯ ಕಾರಿಗೆ ಹೋದರೆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

ಹತ್ತಿರ ಹೋದಾಗ ಮೊದಲು ಸಲಾಂ. ಹೊಗಳುವಾಗ ‘ಮಾಷಾ ಅಲ್ಲಾಹ್’ ಎನ್ನಿ. ಅದಿಲ್ಲದ ಹೊಗಳಿಕೆ ದೃಷ್ಟಿ ತಗುಲಿಸುತ್ತದೆಂಬ ಭಯ ನಮ್ಮ ಅಜ್ಜಿಯಂದಿರಿಗಿದ್ದಷ್ಟೇ ಇಲ್ಲಿಯೂ ಇದೆ. ಬೆಲೆ ಕೇಳಬೇಡಿ. ಫೋಟೊಗೆ ಅನುಮತಿ ಪಡೆಯಿರಿ. ಕಾರಿನೊಳಗೆ, ಪಕ್ಕದಲ್ಲಿ ಕುಟುಂಬದವರಿದ್ದರೆ ಮೊಬೈಲು ಕಿಸೆಯಲ್ಲೇ ಇರಲಿ. ಒಪ್ಪಿಗೆಯಿಲ್ಲದೆ ಜನರ ಫೋಟೊ ತೆಗೆಯುವುದು 2019ರ ಸಾರ್ವಜನಿಕ ಶಿಷ್ಟಾಚಾರದ ನಿಯಮದ ಪ್ರಕಾರ ದಂಡಾರ್ಹ ತಪ್ಪು. ಬೆಲ್ಟಿನ ಬಕಲ್, ಬ್ಯಾಗಿನ ಜಿಪ್ಪು ಬಣ್ಣಕ್ಕೆ ತಾಗದಂತೆ ನಿಲ್ಲಿ, ಮಕ್ಕಳ ಕೈ ಹಿಡಿದುಕೊಳ್ಳಿ. ಇದರಲ್ಲಿ ಹಳೆಯದಾಗಿಯೇ ಉಳಿದಿರುವ ಭಾಗ ಯಾವುದು ಎಂದು ಕೇಳಿದರೆ ಮಾಲೀಕರು ಬಾನೆಟ್, ಬಾಗಿಲು, ಡಿಕ್ಕಿ ಎಲ್ಲ ತೆರೆದು ತೋರಿಸುವ ಸಾಧ್ಯತೆಯೇ ಹೆಚ್ಚು. ಖಹ್ವಾ (ಅರಬ್ಬಿ ಕಾಫಿ) ಕೊಟ್ಟರೆ ಬೇಡವೆನ್ನಬೇಡಿ.

ರಜೆಯಲ್ಲಿ ಊರಿಗೆ ಹೋದಾಗಲೂ ಈ ಅಭ್ಯಾಸ ಮುಂದುವರಿಸಬಹುದು. ಧರ್ಮಸ್ಥಳದ ಕಾರು ಸಂಗ್ರಹಾಲಯ ಇದೆ, ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕ ‘ಪಯಣ’ ಇದೆ, ಎರಡರ ಹಿಂದೆಯೂ ವೀರೇಂದ್ರ ಹೆಗ್ಗಡೆಯವರ ಆಸಕ್ತಿ ಇದೆ. ಭಾರತಕ್ಕೆ ಅಮೆರಿಕನ್ ಕಾರು ಬಂದ ದಾರಿ ಬೇರೆ. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯ ಶಿವಡಿಯಲ್ಲಿ ಷೆವರ್ಲೆ ಜೋಡಿಸುತ್ತಿತ್ತು, 1954ರಲ್ಲಿ ಬಾಗಿಲು ಮುಚ್ಚಿತು. ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಜೋಡಿಸಿತು. ಅಲ್ಲಿ ಜೋಡಣೆಯಾದ ಕಾರುಗಳಿಗೆ ಸ್ಟೀರಿಂಗ್ ಬಲಕ್ಕೆ. ಸೌದಿಯಲ್ಲಿ ಕಂಡ ಕಾರಿನ ಡ್ಯಾಶ್‌ಬೋರ್ಡಿನ ಫೋಟೊವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಸ್ಪೀಡೋಮೀಟರು, ಗ್ಲೋವ್ ಬಾಕ್ಸು ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿವೆಯೇ, ಗುಂಡಿಗಳು ಮಾತ್ರ ಹಳೆಯ ಜಾಗದಲ್ಲೇ ಉಳಿದಿವೆಯೇ ಎಂದು ನೋಡಿ. ಆ ಬದಲಾವಣೆಗೆ ಯಾರೋ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆಂಬುದು ಒಂದೊಂದು ಕಾರಿನಲ್ಲಿ ಒಂದೊಂದು ಥರ ಕಾಣುತ್ತದೆ.